ನಾಯಿ ಯಾರ ಕಡೆ ತಿರುಗಿದೆ?

ಊರ ಮುಂದೆ ಒಂದು ಹುಣಸೆಮರ. ಬುಡದಲ್ಲಿ ಸೊಂಟದೆತ್ತರದ ಕಲ್ಲು. ಅರ್ಧ ನೆಲದಲ್ಲಿ ಹೂತಿದೆ, ಉಳಿದರ್ಧ ಒಂದು ಪಕ್ಕಕ್ಕೆ ವಾಲಿದೆ. ಎಣ್ಣೆ ಕುಡಿದೂ ಕುಡಿದೂ ಕರ್ರಗಾಗಿದೆ. ಮಧ್ಯಾಹ್ನದ ಹೊತ್ತು ಎಮ್ಮೆಗಳು ಅದಕ್ಕೆ ಮೈ ಉಜ್ಜಿಕೊಳ್ಳುತ್ತವೆ. ಹಬ್ಬ ಬಂದರೆ ಅದೇ ಕಲ್ಲಿಗೆ ಅರಿಶಿನ, ಕುಂಕುಮ, ಒಂದು ತೆಂಗಿನಕಾಯಿ. ಯಾವ ದೇವರು ಎಂದು ಕೇಳಿದರೆ ‘ವೀರಪ್ಪ’ ಅನ್ನುತ್ತಾರೆ. ಹೆಚ್ಚು ಕೆದಕಿದರೆ ‘ನಮ್ಮ ಅಜ್ಜನ ಕಾಲದಿಂದ್ಲೂ ಐತೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ಓಡಾಡಿದವರಿಗೆ, ಅಷ್ಟೇಕೆ ಬಯಲುಸೀಮೆಯಲ್ಲಿ ಎಲ್ಲಿ ಓಡಾಡಿದವರಿಗೂ, ಇಂಥ ಕಲ್ಲು ಹೊಸದಲ್ಲ.

ಬಿಸಿಲು ಓರೆಯಾಗಿ ಬೀಳುವ ಸಂಜೆಹೊತ್ತಿನಲ್ಲಿ ಅದರ ಮುಂದೆ ಕೂತು ನೋಡಬೇಕು. ಆಗ ಎಣ್ಣೆಯ ಜಿಡ್ಡಿನೊಳಗಿಂದ ಗೆರೆಗಳು ಏಳುತ್ತವೆ. ಹೆಚ್ಚಿನ ಕಲ್ಲುಗಳಲ್ಲಿ ಕಾಣುವುದು ಕಾಳಗ, ಇಲ್ಲವೇ ತುರುಗಳನ್ನು ಬಿಡಿಸಿಕೊಂಡು ಬರಲು ಹೋದವನ ಹೋರಾಟ. ಅಪರೂಪಕ್ಕೆ ಒಂದರಲ್ಲಿ ಬೇರೆಯದೇ ಇರುತ್ತದೆ: ಬೆನ್ನಿನ ಕೂದಲು ನಿಮಿರಿಸಿಕೊಂಡ ಕಾಡುಹಂದಿ, ಅದಕ್ಕೆ ಭರ್ಜಿ ಚುಚ್ಚುತ್ತಿರುವ ಮನುಷ್ಯ, ಹಂದಿಯ ಹಿಂಗಾಲಿಗೆ ಬಾಯಿ ಹಾಕಿದ ನಾಯಿ.

ಈಗ ಇನ್ನೊಂದು ಚಿತ್ರ ನೆನೆಸಿಕೊಳ್ಳಿ. ಇದು ಕಲ್ಲಲ್ಲ, ಅಂಗೈಗಿಂತ ಸ್ವಲ್ಪ ದೊಡ್ಡ ಕಾಗದ. ನಾನೂರು ವರ್ಷದ ಹಿಂದೆ ಯುರೋಪಿನ ಯಾವುದೋ ಪೇಟೆಯಲ್ಲಿ ಅಚ್ಚಾದದ್ದು. ಇದರಲ್ಲೂ ಕಾಡಿದೆ, ಬೇಟೆಗಾರನಿದ್ದಾನೆ, ನಾಯಿಗಳಿವೆ. ಆದರೆ ಬೇಟೆಗಾರನ ತಲೆಯ ಮೇಲೆ ಕೊಂಬು ಮೂಡಿದೆ. ನಾಯಿಗಳು ಹಾರುತ್ತಿರುವುದು ಅವನ ಮೈಮೇಲೆಯೇ.

ಎರಡರಲ್ಲೂ ಸಾಮಾನು ಒಂದೇ. ನಾಯಿಯ ಮುಖ ಯಾರ ಕಡೆ ತಿರುಗಿದೆ ಅನ್ನುವುದೊಂದು ಬೇರೆ. ಬೇಟೆಯ ಚಿತ್ರ ಓದುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸುಲಭದ ದಾರಿ ಅದು.

ತಾಮ್ರದ ತಗಡಿನ ಮೇಲೊಂದು ಕಾಡು

ಸುಮಾರು 1600ರಿಂದ 1750ರವರೆಗಿನ ಯುರೋಪಿನ ಕಲೆಯನ್ನು ಬರೋಕ್ ಎನ್ನುತ್ತಾರೆ. ನಿಂತ ಚಿತ್ರ ಅದಕ್ಕೆ ಒಗ್ಗದು. ಕುದುರೆ ಮುಂಗಾಲೆತ್ತಿರಬೇಕು, ಬಟ್ಟೆ ಗಾಳಿಗೆ ಹಾರುತ್ತಿರಬೇಕು, ರಕ್ತ ಇನ್ನೇನು ಚಿಮ್ಮಬೇಕು. ಬೇಟೆಗಿಂತ ಒಳ್ಳೆಯ ವಸ್ತು ಅಂಥ ಕಲೆಗೆ ಎಲ್ಲಿ ಸಿಗಬೇಕು?

ದೊಡ್ಡ ವರ್ಣಚಿತ್ರಗಳು ಅರಮನೆಯ ಗೋಡೆ ಸೇರುತ್ತಿದ್ದವು. ಸಾಮಾನ್ಯರ ಕೈಗೆ ಬರುತ್ತಿದ್ದದ್ದು ಅಚ್ಚಿನ ಚಿತ್ರ. ನಮ್ಮ ಅಕ್ಕಸಾಲಿಗರ ಚಾಣದಂಥದೇ ಉಪಕರಣದಿಂದ ನುಣ್ಣನೆಯ ತಾಮ್ರದ ತಗಡಿನ ಮೇಲೆ ಗೆರೆ ಕೊರೆಯುತ್ತಿದ್ದರು. ಇನ್ನೊಂದು ಬಗೆಯಲ್ಲಿ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದುತ್ತಿದ್ದರು. ಮೇಣ ಹೋದ ಕಡೆ ಆಮ್ಲ ತಾಮ್ರವನ್ನು ತಿಂದು ಗೆರೆ ಮಾಡುತ್ತಿತ್ತು. ಆಮೇಲೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹಾಸಿ, ಎರಡು ಉರುಳೆಗಳ ನಡುವೆ ಒತ್ತಿದರೆ ಚಿತ್ರ ಸಿದ್ಧ. ಒಂದು ತಗಡಿನಿಂದ ನೂರಾರು ಪ್ರತಿ. ಎಡಬಲ ಮಾತ್ರ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ಎಚ್ಚರ ತಪ್ಪಿದ ಕೆತ್ತನೆಗಾರನ ಬೇಟೆಗಾರರೆಲ್ಲ ಎಡಚರಾಗಿಬಿಡುತ್ತಿದ್ದರು.

ಫ್ಲಾರೆನ್ಸಿನ ಆಂಟೋನಿಯೊ ಟೆಂಪೆಸ್ಟಾ ಇಂಥ ಬೇಟೆಚಿತ್ರಗಳನ್ನು ರಾಶಿ ರಾಶಿ ಮಾಡಿದ. ರೋಮಿನ ಕವಿ ಓವಿಡ್ ಗ್ರೀಕ್ ಪುರಾಣದ ಕಥೆಗಳನ್ನು ಲ್ಯಾಟಿನ್ನಿನಲ್ಲಿ ಕಟ್ಟಿಕೊಟ್ಟ ‘ರೂಪಾಂತರಗಳು’ ಕಾವ್ಯಕ್ಕೆ ಅವನು ಕೊರೆದ ಚಿತ್ರಗಳೇ 150. ಅವು 1606ರಲ್ಲಿ ಆಂಟ್‌ವರ್ಪ್‌ನಲ್ಲಿ ಅಚ್ಚಾದವು. ಅದೇ ಊರಿನ ರೂಬೆನ್ಸ್ (1577–1640) ಸಿಂಹ, ಹುಲಿ, ಮೊಸಳೆ, ನೀರಾನೆಗಳ ಬೇಟೆಯನ್ನು ಬಣ್ಣದಲ್ಲಿ ಬರೆದ. ಸೌಟ್‌ಮನ್, ಬೋಲ್ಸ್‌ವರ್ಟ್‌ರಂಥ ಕೆತ್ತನೆಗಾರರು ಅವನ್ನು ತಾಮ್ರಕ್ಕಿಳಿಸಿ ಊರೂರಿಗೆ ಹಂಚಿದರು. ಹುಲಿಯ ಕಾಡನ್ನು ರೂಬೆನ್ಸ್ ಒಂದು ದಿನವೂ ಕಂಡವನಲ್ಲ. ಆದರೂ ಅವನ ಹುಲಿ ಕಚ್ಚಿದರೆ ನೋಡುವವನ ಹೆಗಲು ನೋಯುತ್ತದೆ.

ಕಂಡದ್ದೇ ತಪ್ಪಾದವನು

ಈ ಅಚ್ಚುಗಳಲ್ಲಿ ಮತ್ತೆ ಮತ್ತೆ ಬರುವವನು ಆಕ್ಟಿಯಾನ್, ಆ ಕೊಂಬು ಮೂಡಿದವನು. ಬೇಟೆಗೆ ಹೋದವನು ದಾರಿ ತಪ್ಪಿ ಒಂದು ಕೊಳದ ಬಳಿ ಬರುತ್ತಾನೆ. ಅಲ್ಲಿ ಬೇಟೆಯ ದೇವತೆ ಆರ್ಟೆಮಿಸ್ ಸ್ನಾನಕ್ಕಿಳಿದಿದ್ದಾಳೆ. ರೋಮನ್ನರ ಬಾಯಲ್ಲಿ ಇವಳೇ ಡಯಾನಾ. ಕಂಡದ್ದೇ ತಪ್ಪಾಯಿತು. ಅವಳು ಮುಖಕ್ಕೆ ನೀರೆರಚುತ್ತಾಳೆ, ಅವನು ಸಾರಂಗವಾಗುತ್ತಾನೆ. ‘ನಾನು ನಿಮ್ಮ ಒಡೆಯ’ ಎಂದು ಕೂಗಬೇಕೆಂದರೆ ಬಾಯಿಂದ ಮನುಷ್ಯರ ಮಾತು ಹೊರಡುವುದಿಲ್ಲ. ಕೈಯಾರೆ ಅನ್ನ ಹಾಕಿ ಸಾಕಿದ ನಾಯಿಗಳೇ ಅವನನ್ನು ಹರಿದು ಹಾಕುತ್ತವೆ. ಓವಿಡ್ ಆ ನಾಯಿಗಳ ಹೆಸರನ್ನೇ ಪಟ್ಟಿ ಮಾಡುತ್ತಾನೆ, ಮೂವತ್ತಕ್ಕೂ ಹೆಚ್ಚು. ಅವನು ಕೂಗಿ ಕರೆಯಬಹುದಾಗಿದ್ದ, ಆದರೆ ಕರೆಯಲಾಗದ ಹೆಸರುಗಳು.

ಈ ಚಿತ್ರವನ್ನು ಕೊಂಡವರು ಅದರಲ್ಲಿ ಏನು ಓದುತ್ತಿದ್ದರು? ಒಬ್ಬೊಬ್ಬರು ಒಂದೊಂದು. ಇಟಲಿಯ ವಕೀಲ ಅಲ್ಚಾಟಿಯ ಒಂದು ಪುಸ್ತಕ 1531ರಲ್ಲಿ ಹೊರಬಂತು. ಒಂದೊಂದು ಚಿತ್ರ, ಕೆಳಗೆ ಪದ್ಯದಲ್ಲಿ ಬುದ್ಧಿಮಾತು. ಅದರಲ್ಲಿ ಆಕ್ಟಿಯಾನ್ ಅಂದರೆ ಕೊಲೆಗಡುಕರನ್ನು ಮನೆಯಲ್ಲಿಟ್ಟು ಸಾಕುವ ಧಣಿ. ಒಂದು ದಿನ ಅವರೇ ಅವನನ್ನು ತಿಂದುಹಾಕುತ್ತಾರೆ. ಪ್ರೇಮಕವಿಗಳಿಗೆ ಆ ನಾಯಿಗಳು ಅವನದೇ ಆಸೆಗಳು. ಆಸ್ಥಾನದಲ್ಲಿ ಓಡಾಡುವವರಿಗೆ ಇದು ದೊಡ್ಡವರ ಒಳಮನೆಗೆ ಕಣ್ಣು ಹಾಕಬೇಡ ಎಂಬ ಎಚ್ಚರಿಕೆ. ಹೆಂಡದಂಗಡಿಯಲ್ಲಿ ಕೂತವರಿಗೆ ಕೊಂಬು ಮೂಡಿದ ಗಂಡಸು ಕಂಡರೆ ನಗು. ಹೆಂಡತಿ ಮೋಸ ಮಾಡಿದವನ ತಲೆಗೆ ಕೊಂಬು ಬರುತ್ತದೆ ಎಂಬುದು ಅಲ್ಲಿನ ಲೇವಡಿ.

ಕಾಡುಹಂದಿಗೂ ಹೀಗೆಯೇ ಅರ್ಥವಿತ್ತು. ಅದು ಕಡಿವಾಣವಿಲ್ಲದ ಸಿಟ್ಟು, ಕಡಿವಾಣವಿಲ್ಲದ ಕಾಮ. ಪ್ರೇಮದೇವತೆ ವೀನಸ್ಸಿನ ಮೋಹದ ಹುಡುಗ ಅಡೋನಿಸ್ ಸಾಯುವುದು ಹಂದಿಯ ಕೋರೆಯಿಂದ, ಅದೂ ಅವಳು ಬೇಡವೆಂದರೂ ಕೇಳದೆ ಬೇಟೆಗೆ ಹೋಗಿ.

ಪ್ರೀತಿಗೂ ಬೇಟೆಗೂ ನಂಟು ಹಚ್ಚಿದವರು ಅವರು ಮಾತ್ರವಲ್ಲ. ಹಳಗನ್ನಡದಲ್ಲಿ ಬೇಟ ಎಂದರೆ ಪ್ರೇಮ, ಬೇಂಟೆ ಎಂದರೆ ಬೇಟೆ. ನಡುವೆ ಒಂದು ಸೊನ್ನೆ, ಒಂದು ಎತ್ವದಷ್ಟೇ ಅಂತರ. ಬೇಲೂರಿನ ಮದನಿಕೆಯರ ಸಾಲಿನಲ್ಲಿ ಒಬ್ಬ ಬೇಟೆಗಾರ್ತಿ ಇದ್ದಾಳೆ. ನಾವೆಲ್ಲ ಅವಳ ನಿಲುವು ನೋಡಿ ಮುಂದೆ ಹೋಗುತ್ತೇವೆ. ಅವಳ ಕಾಲ ಬಳಿಯ ಪುಟ್ಟ ಆಳುಗಳನ್ನು ನೋಡಬೇಕು. ಒಬ್ಬನ ಹೆಗಲ ಮೇಲೆ ಬಿದಿರ ಗಳು. ಅದರ ಎರಡು ತುದಿಗೆ ಹೊಡೆದ ಜಿಂಕೆ, ಹೊಡೆದ ಕೊಕ್ಕರೆ. ಇನ್ನೊಂದು ಆಳು ಕಾಲು ಚಾಚಿದೆ, ಕೂತವರೊಬ್ಬರು ಸೂಜಿ ಹಿಡಿದು ಅದರ ಮುಳ್ಳು ತೆಗೆಯುತ್ತಿದ್ದಾರೆ. ಬೇಟೆಗೆ ಹೋಗಿಬಂದವನಿಗಷ್ಟೇ ಗೊತ್ತಿರುವ ವಿಷಯ ಆ ಮುಳ್ಳು. ರೂಬೆನ್ಸನ ಬೇಟೆಗಾರರ ಕಾಲಿಗೆ ಮುಳ್ಳು ಚುಚ್ಚುವುದಿಲ್ಲ.

ಬಿಜಾಪುರಕ್ಕೆ ಬಂದ ವೀನಸ್

ಗ್ರೀಕ್ ದೇವತೆಗಳು ನಮ್ಮ ನೆಲಕ್ಕೆ ಕಾಲಿಡಲೇ ಇಲ್ಲ ಎಂದುಕೊಂಡರೆ ತಪ್ಪು. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾ (1580–1627) ಆಳುತ್ತಿದ್ದಾಗ ಕಾರ್ನೆಲಿಸ್ ಕ್ಲಾಸ್ ಹೇಡಾ ಎಂಬ ಡಚ್ ಚಿತ್ರಕಾರ ಅವನ ಆಸ್ಥಾನದಲ್ಲಿದ್ದ. ಹಾಲೆಂಡಿನ ಹಾರ್ಲೆಮ್ ಊರಿನವನು. ಪ್ರಾಗ್‌ನಲ್ಲಿ ಚಕ್ರವರ್ತಿ ರುಡಾಲ್ಫನ ಬಳಿ ಕೆಲಸ ಮಾಡಿ, ಹೊರಟು, ಕೊನೆಗೆ ಇಲ್ಲಿಗೆ ಬಂದು ನೆಲೆಸಿದ. 1610ರ ಹೊತ್ತಿಗೆ ಅವನು ತನ್ನ ದೇಶದವರಿಗೆ ಬರೆದ ಕಾಗದಗಳು ಉಳಿದಿವೆ. ಸುಲ್ತಾನನಿಗೆ ಮೊದಲು ಬರೆದುಕೊಟ್ಟದ್ದು ವೀನಸ್, ಬ್ಯಾಕಸ್, ಕ್ಯೂಪಿಡ್‌ರ ಚಿತ್ರವಂತೆ.

ಹಾರ್ಲೆಮ್ ಸಾಮಾನ್ಯ ಊರಲ್ಲ. ಬರೋಕ್‌ಗೆ ದಾರಿ ಮಾಡಿಕೊಟ್ಟ ಕೆತ್ತನೆಗಾರ ಹೆಂಡ್ರಿಕ್ ಗೋಲ್ಟ್‌ಜಿಯಸ್ ಇದ್ದದ್ದು ಅಲ್ಲಿಯೇ; ಓವಿಡ್ಡನ ಕಥೆಗಳ ಅಚ್ಚುಗಳು ಹೊರಬೀಳುತ್ತಿದ್ದದ್ದು ಅವನ ಅಂಗಡಿಯಿಂದ. ಆ ಕಥೆಗಳನ್ನು ತಲೆಯಲ್ಲಿ ತುಂಬಿಕೊಂಡ ಒಬ್ಬ ಮನುಷ್ಯ ಇವತ್ತಿನ ವಿಜಯಪುರದ ಬೀದಿಯಲ್ಲಿ ನಡೆದಾಡಿದ್ದಾನೆ. ಅವನು ಇಲ್ಲಿ ಬರೆದ ಚಿತ್ರ ಒಂದೂ ಉಳಿದಿಲ್ಲ ಎಂಬುದು ನಮ್ಮ ದುರದೃಷ್ಟ. ವಿಜಯಪುರದ ಹತ್ತಿರದ ಕುಮಟಗಿಯ ಬೇಸಿಗೆ ಮಂಟಪದ ಗೋಡೆಗಳಲ್ಲಿ ಯುರೋಪಿನ ಉಡುಪಿನವರ ಮಸುಕು ಚಿತ್ರಗಳಿವೆ. ಅವನ್ನು ನೋಡಿದಾಗಲೆಲ್ಲ ಹೇಡಾ ನೆನಪಾಗುತ್ತಾನೆ.

ಕಾಳಿಯ ಕಲ್ಲು

ಈಗ ನಮ್ಮ ಕಲ್ಲಿಗೆ ಬರೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಿಂತಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಇಂಥವುಗಳಿಗೆಲ್ಲ ಹಿರಿಯಣ್ಣ. ಕಾಲ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಸುದ್ದಿ ಈ ಕಲ್ಲಿನಲ್ಲಿದೆ. ಗಂಗರ ಇಮ್ಮಡಿ ಬೂತುಗ ಕೃಷ್ಣನ ಕಡೆ ನಿಂತು ಹೋರಾಡಿದ. ಬೂತುಗನ ಬಂಟ ಮಣಲೆರ.

ಮಣಲೆರನ ಪರಾಕ್ರಮ ಮೆಚ್ಚಿ ಒಡೆಯ ‘ಏನು ಬೇಕೋ ಕೇಳು’ ಎಂದ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆಮೇಲೊಂದು ದಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ ಎಂದೂ ಬರೆಸಿದರು.

ಕಲ್ಲಿನ ಮೇಲುಭಾಗದಲ್ಲಿ ಹಂದಿ, ಅದರ ಮೇಲೆ ಬಿದ್ದ ನಾಯಿ. ಸುತ್ತ ಅಕ್ಷರ. ಒಂದು ಸಾಮ್ರಾಜ್ಯದ ಯುದ್ಧದ ವರದಿಯ ನಟ್ಟನಡುವೆ ಒಂದು ನಾಯಿಯ ಸಾವು. ಇತಿಹಾಸದ ಪಾಠದಲ್ಲಿ ತಕ್ಕೋಲದ ಕದನ ಓದಿದವರು ಬಹಳ ಜನ. ಕಾಳಿಯ ಹೆಸರು ಕೇಳಿದವರು ಕಡಿಮೆ. ಕಲ್ಲು ನಿಲ್ಲಿಸಿದವನಿಗೆ ಇದರಲ್ಲಿ ಯಾವುದು ದೊಡ್ಡದಾಗಿತ್ತೋ ಚಿತ್ರ ನೋಡಿದರೆ ತಿಳಿಯುತ್ತದೆ.

ಆಕ್ಟಿಯಾನನ ನಾಯಿಗಳಿಗೆ ಹೆಸರಿತ್ತು, ಕಾಳಿಗೂ ಹೆಸರಿದೆ. ಅಲ್ಲಿ ನಾಯಿ ಒಡೆಯನ ಕಡೆ ತಿರುಗಿತು. ಇಲ್ಲಿ ಅವನಿಗೆ ಬೆನ್ನು ಮಾಡಿ ಹಂದಿಯ ಕಡೆ ತಿರುಗಿ ನಿಂತಿತು. ಯುರೋಪಿನ ಅಚ್ಚು ಯಾರ ಕೈಗೆ ಹೋಗುತ್ತದೋ ಮಾಡಿದವನಿಗೆ ಗೊತ್ತಿರಲಿಲ್ಲ. ಆದ್ದರಿಂದ ಅದು ಎಲ್ಲರಿಗೂ ಒಗ್ಗುವ ನೀತಿ ಹೇಳಬೇಕಿತ್ತು. ಕಲ್ಲು ನಿಲ್ಲಿಸಿದವನಿಗೆ ನೋಡುವವರು ಯಾರೆಂದು ಗೊತ್ತು: ಆ ಊರಿನವರು, ಆ ಗುಡಿಯ ಗೊರವ. ಅದು ನೀತಿ ಹೇಳುವುದಿಲ್ಲ, ಋಣ ನೆನಪಿಸುತ್ತದೆ.

ಹುಣಸೆಮರದ ಬುಡದ ಕಲ್ಲಿನಂಥ ವೀರಗಲ್ಲಿನ ಓದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಹೋರಾಟ. ನಡುವೆ ಸತ್ತವನನ್ನು ಅಪ್ಸರೆಯರು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡು ಇರುವವರೆಗೂ ಈ ಹೆಸರು ಇರಲಿ ಎಂದು. ಹಂದಿಯನ್ನೋ ಹುಲಿಯನ್ನೋ ಎದುರಿಸಿ ಸತ್ತವನಿಗೂ ಯುದ್ಧದಲ್ಲಿ ಸತ್ತವನಿಗೂ ಅಪ್ಸರೆಯರು ಅವರೇ. ಶೇಂಗಾ, ಮೆಕ್ಕೆಜೋಳದ ಹೊಲವನ್ನು ರಾತ್ರೋರಾತ್ರಿ ಹಂದಿಗಳು ಉತ್ತುಹಾಕಿದ್ದನ್ನು ಬೆಳಿಗ್ಗೆ ಎದ್ದು ನೋಡಿದ ರೈತನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಮೊದಲ ಬಾಣ ಯಾರದು?

ಹಂದಿಬೇಟೆಯಲ್ಲಿ ಒಂದು ಜಗಳ ಇದ್ದದ್ದೇ: ಮೊದಲ ಏಟು ಯಾರದು? ಪಾಲು ಹಂಚಿಕೆಯಾಗುವುದು ಅದರ ಮೇಲೆ. ಗ್ರೀಕರೂ ನಮ್ಮವರೂ ಈ ಜಗಳವನ್ನು ಪುರಾಣಕ್ಕೇರಿಸಿದ್ದಾರೆ, ಆದರೆ ಕೊನೆ ಮಾತ್ರ ಬೇರೆ ಬೇರೆ.

ಕ್ಯಾಲಿಡಾನಿನ ರಾಜ ಸುಗ್ಗಿಯ ಪೂಜೆಯಲ್ಲಿ ಆರ್ಟೆಮಿಸಳನ್ನು ಮರೆತ. ಅವಳು ಒಂದು ಭಾರಿ ಹಂದಿಯನ್ನು ಬೆಳೆಯ ಮೇಲೆ ಬಿಟ್ಟಳು. ನಾಡಿನ ವೀರರೆಲ್ಲ ಸೇರಿದರು. ಮೊದಲ ಬಾಣ ತಾಗಿಸಿದವಳು ಅಟಲಾಂಟಾ ಎಂಬ ಹೆಣ್ಣು; ಕೊಂದವನು ರಾಜಕುಮಾರ ಮೆಲಿಯೇಜರ್. ಅವನು ಹಂದಿಯ ತೊಗಲನ್ನು ಅವಳಿಗೆ ಕೊಟ್ಟ. ಹೆಂಗಸಿಗೆ ಈ ಮರ್ಯಾದೆಯೇ ಎಂದು ಸೋದರಮಾವಂದಿರು ಕಿತ್ತುಕೊಂಡರು. ಅವನು ಮಾವಂದಿರನ್ನು ಕೊಂದ. ಒಡಹುಟ್ಟಿದವರ ಸಾವು ಕಂಡ ತಾಯಿ, ಮಗನ ಆಯುಷ್ಯ ಅಡಗಿದ್ದ ಕೊರಡನ್ನು ಒಲೆಗೆ ಹಾಕಿದಳು. ಕೊರಡು ಉರಿದು ಬೂದಿಯಾಯಿತು, ಮಗನೂ ಹೋದ. ರೂಬೆನ್ಸ್ ಈ ಕಥೆಯನ್ನು ಬಿಟ್ಟೂಬಿಡದೆ ಬರೆದ. ಹಂದಿ ಸತ್ತ ಮೇಲೆ ನಿಜವಾದ ಅನಾಹುತ ಶುರುವಾಗುವುದು ಅದರ ಸೊಗಸು.

ನಮ್ಮದು ಕಿರಾತಾರ್ಜುನೀಯ. ಪಾಶುಪತಾಸ್ತ್ರಕ್ಕಾಗಿ ತಪಸ್ಸಿಗೆ ಕೂತ ಅರ್ಜುನನ ಮೇಲೆ ಮೂಕಾಸುರ ಹಂದಿಯಾಗಿ ಬರುತ್ತಾನೆ. ಅರ್ಜುನ ಬಾಣ ಬಿಡುತ್ತಾನೆ. ಅದೇ ಗಳಿಗೆಯಲ್ಲಿ ಬೇಡನ ವೇಷದ ಶಿವನೂ ಬಿಡುತ್ತಾನೆ. ಹಂದಿ ಬಿತ್ತು, ಜಗಳ ಎದ್ದಿತು. ಕ್ಷತ್ರಿಯನಿಗೆ ಬೇಡನ ಮೇಲೆ ಸಿಟ್ಟು: ನಾನು ಗುರಿಯಿಟ್ಟ ಮೃಗಕ್ಕೆ ಹೊಡೆಯಲು ನೀನು ಯಾರು? ಬಿಲ್ಲು ಹೋಯಿತು, ಕತ್ತಿ ಹೋಯಿತು, ಕೊನೆಗೆ ಕುಸ್ತಿ. ಸೋತ ಮೇಲೆ ಗೊತ್ತಾಯಿತು ಎದುರಿಗಿದ್ದವನು ಯಾರೆಂದು.

941ರಲ್ಲಿ ಮುಗಿದ ಪಂಪನ ‘ವಿಕ್ರಮಾರ್ಜುನ ವಿಜಯ’ದಿಂದ ಕುಮಾರವ್ಯಾಸನವರೆಗೆ ಕನ್ನಡ ಕವಿಗಳು ಈ ಪ್ರಸಂಗ ಬಿಟ್ಟವರಲ್ಲ. ಪಟ್ಟದಕಲ್ಲಿನ ಪಾಪನಾಥ ಗುಡಿಯ ಗೋಡೆಯಲ್ಲಿ ಇದು ಕಲ್ಲಾಗಿದೆ. ಹಿಂದೂಪುರದ ಹತ್ತಿರ, ಕನ್ನಡ ಶಾಸನಗಳೂ ಇರುವ ಲೇಪಾಕ್ಷಿಯ ಚಾವಣಿಯಲ್ಲಿ ವಿಜಯನಗರ ಕಾಲದ ಬಣ್ಣದಲ್ಲಿದೆ. ಹಿರಿಯೂರಿನ ತೇರುಮಲ್ಲೇಶ್ವರನ ಮುಖಮಂಟಪದ ಚಾವಣಿಯಲ್ಲೂ ಶೈವಪುರಾಣದ ಚಿತ್ರಗಳಿವೆ, ಕೆಳಗೆ ಇದು ಇಂಥದ್ದೆಂದು ಬರೆದ ಸಾಲುಗಳ ಸಮೇತ. ಕುತ್ತಿಗೆ ನೋಯುವವರೆಗೂ ತಲೆಯೆತ್ತಿ ನಿಂತು ನೋಡಬೇಕಾದ ಜಾಗ ಅದು.

ಗ್ರೀಕರ ಕಥೆಯಲ್ಲಿ ಮೊದಲ ಬಾಣದ ಜಗಳ ಮನೆತನವನ್ನು ಮುಗಿಸಿತು. ಇಲ್ಲಿ ಅದು ಅಸ್ತ್ರ ಕೊಡಿಸಿತು. ಆದರೆ ಅದಕ್ಕೂ ಮೊದಲು ರಾಜಪುತ್ರನೊಬ್ಬ ಬೇಡನ ಕೈಯಲ್ಲಿ ಮಣ್ಣುಮುಕ್ಕಬೇಕಾಯಿತು. ಈ ಪ್ರಸಂಗವನ್ನು ಚಿತ್ರದುರ್ಗದ ಕೋಟೆಯ ನೆರಳಲ್ಲಿ ಕೂತು ಓದಿದರೆ ಬೇರೆಯೇ ರುಚಿ.

ಬೇಟೆಗಾರರೇ ದೊರೆಗಳಾದ ಊರು

ಯುರೋಪಿನಲ್ಲಿ ಸಾರಂಗದ ಬೇಟೆ ಅರಸರ, ಸಿರಿವಂತರ ಹಕ್ಕು. ಬಡವ ಕಾಡಿಗೆ ಹೋಗಿ ಒಂದು ಮೃಗ ಹೊಡೆದರೆ ಕಠಿಣ ಶಿಕ್ಷೆ. ಹಾಗಾಗಿ ಬೇಟೆಯ ಅಚ್ಚು ಎಂದರೆ ಅಧಿಕಾರದ ಚಿತ್ರ. ನಮ್ಮ ಅರಸರೂ ಕಡಿಮೆಯವರಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರ 1129ರ ಸುಮಾರಿನ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿಗೆ ಬೇಟೆಯನ್ನೂ ನಾಯಿಗಳನ್ನೂ ಸೇರಿಸಿದ. ಹೊಯ್ಸಳರು ಹುಲಿ ಕೊಂದ ಸಳನನ್ನೇ ಲಾಂಛನ ಮಾಡಿಕೊಂಡರು. ಧರ್ಮಶಾಸ್ತ್ರ ಮಾತ್ರ ಬೇಟೆಯನ್ನು ಜೂಜು, ಕುಡಿತದ ಜೊತೆಗೆ ವ್ಯಸನವೆಂದೇ ಎಣಿಸಿತು. ದಶರಥ, ಪಾಂಡು ಇಬ್ಬರಿಗೂ ಶಾಪ ತಗಲಿದ್ದು ಬೇಟೆಯಲ್ಲೇ. ಅಷ್ಟೇಕೆ, ರಾಮಾಯಣ ಹುಟ್ಟಿದ್ದೂ ಕ್ರೌಂಚಕ್ಕೆ ಬೇಡ ಬಿಟ್ಟ ಬಾಣದಿಂದ. ಆ ಬೇಡನನ್ನು ಶಪಿಸಿದ ವಾಲ್ಮೀಕಿಯೂ ಮೊದಲು ಬೇಡನೇ ಆಗಿದ್ದನೆಂದು ಜನ ಹೇಳುತ್ತಾರೆ. ಬೇಡರ ಕುಲದ ಚಿತ್ರದುರ್ಗದ ದೊರೆಗಳು ತಮ್ಮದು ವಾಲ್ಮೀಕಿ ಗೋತ್ರ ಎಂದರು.

ಕಾಮಗೇತಿ ವಂಶದ ತಿಮ್ಮಣ್ಣನಾಯಕನನ್ನು ವಿಜಯನಗರ ಮೊದಲು ಹೊಳಲ್ಕೆರೆಗೆ ನಾಯಕನನ್ನಾಗಿ ಮಾಡಿತು. ಹಿರಿಯೂರು, ಚಿತ್ರದುರ್ಗ ಆಮೇಲೆ ಬಂದವು. ಅವನದೊಂದು ಕಥೆ ದುರ್ಗದಲ್ಲಿ ಎಲ್ಲರಿಗೂ ಗೊತ್ತು. ದೊಡ್ಡ ದಂಡಿನ ಪಾಳೆಯಕ್ಕೆ ಇರುಳಲ್ಲಿ ನುಗ್ಗಿ ಒಂದು ಕುದುರೆ ಹೊಡೆದುಕೊಂಡು ಬರಲು ಹೋದನಂತೆ. ಸದ್ದಿಗೆ ಕಾಸ್ತಾರ ಎದ್ದ. ತಿಮ್ಮಣ್ಣ ಹುಲ್ಲಿನಲ್ಲಿ ಅಡಗಿ ಮಲಗಿದ. ಕಾಸ್ತಾರ ಕುದುರೆ ಕಟ್ಟಲು ಗೂಟ ಹೊಡೆದ. ಗೂಟ ತಿಮ್ಮಣ್ಣನ ಅಂಗೈಯನ್ನು ತೂರಿ ನೆಲಕ್ಕಿಳಿಯಿತು. ಅವನು ಉಸಿರೆತ್ತಲಿಲ್ಲ. ಎಲ್ಲರೂ ಮಲಗಿದ ಮೇಲೆ ಆ ಕೈಯನ್ನೇ ಕಡಿದುಕೊಂಡು ಕುದುರೆಯೊಂದಿಗೆ ಹೊರಟುಹೋದ. ನಿಜವೋ ಸುಳ್ಳೋ, ಇದು ಪೊದೆಯಲ್ಲಿ ಮೃಗಕ್ಕಾಗಿ ಕಾದು ಕೂರುವವರು ಕಟ್ಟಿದ ಕಥೆ. ಅಲುಗಾಡಿದರೆ ಕೆಟ್ಟೆ ಎಂಬುದು ಅವರ ಮೊದಲ ಪಾಠ.

ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಮ್ಯಾಸಬೇಡರ ಹಾಡುಗಳಲ್ಲಿ ಗಾದ್ರಿ ಪಾಲನಾಯಕ ಹೆಬ್ಬುಲಿಯ ಜೊತೆ ಸೆಣಸಿ ಮಡಿಯುತ್ತಾನೆ. ಹೆಸರಿಗೆ ಬೇಡರು, ಬದುಕೆಲ್ಲ ದನದ ಹಿಂದೆ. ದೇವರ ಎತ್ತುಗಳಿಗೆಂದೇ ಕಿಲಾರಿಗಳಿದ್ದಾರೆ, ಮನೆಯಲ್ಲಿ ಕೋಳಿ ಮುಟ್ಟುವುದಿಲ್ಲ. ಹುಲಿ ಅವರಿಗೆ ಮೋಜಿನ ಮೃಗವಲ್ಲ, ದನದ ರೊಪ್ಪಕ್ಕೆ ನುಗ್ಗುವ ಹಗೆ.

1779ರಲ್ಲಿ ಹೈದರಾಲಿ ದುರ್ಗ ಗೆದ್ದ. ಕೊನೆಯ ಮದಕರಿನಾಯಕ ಸೆರೆಯಾದ. ಕೋಟೆಯ ಸುತ್ತಲಿನ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಚೇಲಾ ಪಡೆಗೆ ಸೇರಿಸಿದರು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. 1857ರಲ್ಲಿ ಮುಧೋಳದ ಬಳಿಯ ಹಲಗಲಿಯಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಊರು ಸುಟ್ಟುಹೋಯಿತು.

ಬಾಣ ತಿರುಗಿದಾಗ

ಆಕ್ಟಿಯಾನನಿಗೆ ಕೇಡು ತಂದದ್ದು ಕಣ್ಣು. ನಮ್ಮಲ್ಲೂ ಕಣ್ಣಿನಿಂದಲೇ ಹೆಸರಾದ ಬೇಟೆಗಾರನಿದ್ದಾನೆ. ಕಾಳಹಸ್ತಿಯ ಕಾಡಿನ ಬೇಡರ ಕಣ್ಣಪ್ಪ. ಬೇಯಿಸಿ, ರುಚಿ ನೋಡಿ, ಒಳ್ಳೆಯ ತುಂಡನ್ನು ಆರಿಸಿ ಲಿಂಗಕ್ಕೆ ಮಾಂಸದ ನೈವೇದ್ಯ ಇಟ್ಟವನು. ಲಿಂಗದ ಕಣ್ಣಲ್ಲಿ ರಕ್ತ ಸುರಿದಾಗ ತನ್ನ ಒಂದು ಕಣ್ಣು ಕಿತ್ತು ಅಲ್ಲಿಟ್ಟ. ಎರಡನೆಯದಕ್ಕೂ ಹಾಗೇ ಆಯಿತು. ಎರಡೂ ಕಣ್ಣು ಹೋದರೆ ಜಾಗ ಕಾಣಬೇಕಲ್ಲ? ಗುರುತಿಗೆ ಕಾಲಿನ ಹೆಬ್ಬೆರಳನ್ನು ಲಿಂಗದ ಮೇಲಿಟ್ಟ.

ವಿಜಯನಗರ ಕಾಲದ ಗುಡಿಯ ಕಂಬಗಳಲ್ಲಿ ಈ ಶಿಲ್ಪ ಹುಡುಕಿದರೆ ಸಿಗುತ್ತದೆ. ಅಂಗೈಯಗಲದ ಚೌಕದಲ್ಲಿ ಒಂದು ಲಿಂಗ, ಅದರ ಮೇಲೆ ಕಾಲೂರಿದ ಮನುಷ್ಯ, ತನ್ನ ಕಣ್ಣಿಗೆ ತಾನೇ ಹಿಡಿದ ಬಾಣ. ಕಥೆ ಗೊತ್ತಿಲ್ಲದವನಿಗೆ ಇದು ದೇವರನ್ನು ಒದೆಯುವ ಚಿತ್ರ. ಇಲ್ಲಿ ನಾಯಿ ತಿರುಗಲಿಲ್ಲ, ಬಾಣ ತಿರುಗಿತು, ಅದೂ ತಾನಾಗಿ. ಕಾಣಬಾರದ್ದನ್ನು ಕಂಡು ಕೆಟ್ಟವನ ಚಿತ್ರಕ್ಕೂ ಕಣ್ಣನ್ನೇ ಕೊಟ್ಟು ಕಾಣಬೇಕಾದದ್ದನ್ನು ಕಂಡವನ ಚಿತ್ರಕ್ಕೂ ಒಂದೇ ಕೋಣೆಯಲ್ಲಿ ಜಾಗ ಕೊಟ್ಟರೆ, ಎದುರುಬದುರು ಗೋಡೆಗೆ ನೇತುಹಾಕಬೇಕು ಎಂದು ನನ್ನ ಆಸೆ.

1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂತು, ರಾಜ್‌ಕುಮಾರ್ ನಾಯಕನಟರಾದರು. ಅದೇ ವರ್ಷ ಕೆನೆತ್ ಆಂಡರ್ಸನ್ ಅವರ ಮೊದಲ ಬೇಟೆಪುಸ್ತಕ ಹೊರಬಂತು. ಅದರ ಒಂದು ಅಧ್ಯಾಯ ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕ ಹುಲಿಯ ಮೇಲಿದೆ. ಆಂಡರ್ಸನ್ನರ ಕಾಡನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡದ ಮನೆಮನೆಗೆ ತಂದುಕೊಟ್ಟದ್ದು ಆಮೇಲಿನ ಮಾತು. ಕಣ್ಣು ಕೊಟ್ಟ ಬೇಟೆಗಾರ, ಕೋವಿ ಹಿಡಿದ ಬೇಟೆಗಾರ ಇಬ್ಬರೂ ಕನ್ನಡಿಗರ ಮನಸ್ಸಿಗೆ ಒಟ್ಟೊಟ್ಟಿಗೆ ಹೊಕ್ಕರು. ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ದೊರೆಗಳ ಫೋಟೊಗಳು ಆ ಹೊತ್ತಿಗೆ ಎಲ್ಲ ಬಂಗಲೆಗಳ ಗೋಡೆಯಲ್ಲೂ ಇದ್ದವು. ಅವುಗಳಲ್ಲಿ ಎಲ್ಲರೂ ನೋಡುತ್ತಿರುವುದು ಕ್ಯಾಮೆರಾ ಕಡೆಗೆ.

1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಮೊಲ ಹಿಡಿಯುವುದೂ ಅಪರಾಧ. ಆದರೂ ಚಿತ್ರದುರ್ಗ ಜಿಲ್ಲೆಯ ಕೆಲವು ಊರುಗಳಲ್ಲಿ ಸಂಕ್ರಾಂತಿಯ ಹೊತ್ತಿಗೆ ದೇವರ ಹೆಸರಲ್ಲಿ ಮೊಲ ಬೇಟೆಯಾಡುವ ಪದ್ಧತಿ ಇದೆ. ಬಲೆ ಹಿಡಿದು ಗಂಡಸರು ಹೊರಡುತ್ತಾರೆ, ಪೊದೆ ಬಡಿಯುತ್ತಾರೆ, ಕೂಗುತ್ತಾರೆ. ಸಿಕ್ಕ ಮೊಲವನ್ನು ಕೊಲ್ಲುವುದಿಲ್ಲ. ಊರಿಗೆ ತಂದು, ಅರಿಶಿನ ಕುಂಕುಮ ಹಚ್ಚಿ, ಪೂಜೆ ಮಾಡಿ, ಮತ್ತೆ ಕಾಡಂಚಿಗೆ ಒಯ್ದು ನೆಲಕ್ಕೆ ಬಿಡುತ್ತಾರೆ. ಅದು ಒಂದು ಗಳಿಗೆ ಹಾಗೇ ಕೂತಿರುತ್ತದೆ. ಯಾರಾದರೂ ಒಬ್ಬರು ಬಗ್ಗಿ ನಾಯಿಯ ಕೊರಳು ಹಿಡಿದುಕೊಳ್ಳುತ್ತಾರೆ.